ಮೀನಿನ ಹೃದಯಕ್ಕೆ ಬರುವ ದಾರಿಗಳು

೧೧ ನವೆಂಬರ್, ಸೋಮವಾರ. ಅಫಜಲಪುರ

ಇಂದು ಕ್ಲಾಸಿನಲ್ಲಿ ಮೀನಿನ ಸಿರೆಗಳನ್ನು ರಂಗಕ್ಕೆ ತಂದೆ! ಮೂರನೆಯ ಸೆಮಿಸ್ಟರಿನ ನಲವತ್ತೆರಡು ಮಂದಿ, ಗೋಡೆಯ ಮೇಲೆ ರೋಹು ಮೀನಿನ ಚಾರ್ಟು, ನನ್ನ ಕೈಯಲ್ಲಿ ಉದ್ದನೆಯ ಕೋಲು. “ಎಲೈ ಬಾಲದ ಸಿರೆಯೇ, ಎತ್ತ ಹೊರಟೆ?” ಎಂದು ಗರ್ಜಿಸಿದ್ದೇ ತಡ, ಪಕ್ಕದ ರಸಾಯನಶಾಸ್ತ್ರದ ಹುಡುಗರು ಎದ್ದು ಕಿಟಕಿಗೆ ಬಂದರು.

ಬಾಲದ ಸಿರೆ ಮೂತ್ರಪಿಂಡದೊಳಗೆ ಹೊಕ್ಕು ಎಳೆ ಎಳೆಯಾಗಿ ಚದುರುತ್ತದೆ. ಚದುರಿದ್ದು ಮತ್ತೆ ಕೂಡಿ ಹಿಂದಿನ ಕಾರ್ಡಿನಲ್ ಸಿರೆಯಾಗಿ ಮುಂದಕ್ಕೆ ಬರುತ್ತದೆ. ಅತ್ತ ತಲೆಯ ಕಡೆಯಿಂದ ಮುಂದಿನ ಕಾರ್ಡಿನಲ್ ಸಿರೆ ಇಳಿಯುತ್ತದೆ. ಇಬ್ಬರ ಭೇಟಿ ಕ್ಯುವಿಯರ್ ನಾಳದ ಬಾಗಿಲಲ್ಲಿ! ಎಡಕ್ಕೊಂದು ಬಾಗಿಲು, ಬಲಕ್ಕೊಂದು. ಯಕೃತ್ತಿನ ಸಿರೆಗಳು ಹಿಂಪರದೆ ಸರಿಸಿ ನೇರ ಬರುತ್ತವೆ. ಎಲ್ಲರೂ ಬಂದು ಸೇರುವುದು ಸೈನಸ್ ವಿನೋಸಸ್ ಎಂಬ ತೆಳುಗೋಡೆಯ ಚೀಲದಲ್ಲಿ; ಅಲ್ಲಿಂದ ಹೃದಯಕ್ಕೆ. “ಮಕ್ಕಳೇ, ಮೀನಿನ ಹೃದಯದ ಕೋಣೆಗಳಿಗೆ ಜನ್ಮವಿಡೀ ಬರುವುದು ಕಪ್ಪು ರಕ್ತವೊಂದೇ. ಅದನ್ನು ಕಿವಿರಿಗೆ ದೂಡುತ್ತದೆ. ಅಲ್ಲಿ ಕೆಂಪಾದ ರಕ್ತ ಹೃದಯಕ್ಕೆ ಮುಖವನ್ನೂ ತೋರಿಸದೆ ಮೈ ಸುತ್ತಲು ಹೊರಟುಹೋಗುತ್ತದೆ. ಎಂಥ ತ್ಯಾಗ! ಎಂಥ ದುರಂತ ನಾಯಕ!” ಚಪ್ಪಾಳೆ ಬಿತ್ತು.

ಮನೆಯಲ್ಲಿ ಇದಕ್ಕಿಂತ ದೊಡ್ಡ ಸಂಭ್ರಮ. ಮಗಳು ಸಪ್ನಾ ಬಾಣಂತನಕ್ಕೆ ಬಂದಿದ್ದಾಳೆ. ಮೊಮ್ಮಗನಿಗೆ ಇಂದು ಎಂಟು ದಿನ. ಸಂಜೆಯ ಬೆಳಕಿನಲ್ಲಿ ನೋಡಿದೆ. ತುಟಿಗೆ, ಉಗುರಿನ ಬುಡಕ್ಕೆ ತೆಳುವಾದ ನೀಲಿ. ಆಳಂದದಲ್ಲಿ ನಮ್ಮಪ್ಪನ ನಾಟಕ ಕಂಪನಿ ಇದ್ದಾಗ ಶಿವನ ಪಾತ್ರಕ್ಕೆ ಬಣ್ಣ ಕಲಸಿ ಕೊಡುತ್ತಿದ್ದವನು ನಾನು. ಅದೇ ನೀಲಿ! ಅಂಗಳದಲ್ಲಿ ನಿಂತು ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಓಣಿಗೆಲ್ಲ ಕೇಳುವಂತೆ ಸಾರಿದೆ: “ವಿಷ ಕುಡಿದು ಲೋಕ ಕಾಯಲಿಕ್ಕೆ ಬಂದಾನ ನಮ್ಮ ಮನಿಯ ನೀಲಕಂಠ!”

ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ಬರುವ ರಮಾಬಾಯಿ ಮಾತ್ರ ನಗಲಿಲ್ಲ. “ಮಾಸ್ತರ, ಎಂಟು ದಿನದ ಕೂಸಿಗಿ ಗಾಳಿ ಬಡೀತದ, ಒಳಗ ಕೊಡ್ರಿ” ಎಂದು ಕಿತ್ತುಕೊಂಡು ಹೋದಳು. ರಸಿಕತೆಯ ಗಂಧವಿಲ್ಲದ ಹೆಂಗಸು.

೧೪ ನವೆಂಬರ್, ಗುರುವಾರ

ಜೇವರ್ಗಿಯಿಂದ ಬೀಗರು ಬಂದಿದ್ದರು. ಅಳಿಯ ಅನೀಲಕುಮಾರ, ಅವನ ತಾಯಿ ಗುರಮ್ಮ. ಗುರಮ್ಮನವರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಬೀಗ್ರೇ, ಇದರ ತುಟಿ ಯಾಕ ನೇರಳಿಹಣ್ಣು ತಿಂದಂಗ ಆಗ್ಯಾವ್ರಿ?”

“ನೇರಳಿ ಅಲ್ರೀ, ಅದು ಶಿವನ ಬಣ್ಣ!” ಎಂದು ಎದ್ದು ನಿಂತೆ. ಸಮುದ್ರ ಕಡೆದ ಪ್ರಸಂಗವನ್ನು ಆರಂಭದಿಂದ ಹೇಳಿದೆ. ಹಾಲಾಹಲ ಗಂಟಲಿಗೆ ಇಳಿಯುವಲ್ಲಿ ನನ್ನ ದನಿ ಎಂಥ ಮಟ್ಟಕ್ಕೆ ಏರಿತೆಂದರೆ ಕೂಸು ಬೆಚ್ಚಿತು.

“ಮಾಮಾ, ಒಮ್ಮಿ ಕಲಬುರಗಿಗಿ ಒಯ್ದು ತೋರಿಸೋಣೇನ್ರಿ?” ಅಂದ ಅನೀಲಕುಮಾರ.

“ತಿಂಗಳಾಗೂತನಕ ಹೊಸ್ತಿಲು ದಾಟಿಸಂಗಿಲ್ಲ” ಎಂದರು ಗುರಮ್ಮ. ಆಮೇಲೆ ನನ್ನ ಕಡೆ ತಿರುಗಿ, “ನೀವಂತೂ ಕಾಲೇಜಿನ್ಯಾಗ ಇದೇ ಜೀವದ ವಿದ್ಯಾ ಹೇಳ್ತೀರಿ. ಏನರ ಇದ್ರ ನಿಮಗ ತಿಳೀದೇನ್ರಿ?” ಎಂದರು.

“ನನಗ ತಿಳೀದೇ ಇರ್ತದೇನ್ರಿ!” ಎಂದೆ. ಎಲ್ಲರ ಮುಖ ಹಗುರಾಯಿತು. ಹೆಂಡತಿ ಜಯಮಾಲಾ ಹೋಳಿಗೆ ಬಡಿಸಿದಳು.

೧೯ ನವೆಂಬರ್, ಮಂಗಳವಾರ

ರಮಾಬಾಯಿಯ ಜೊತೆ ಜಗಳ. ಬೆಳಿಗ್ಗೆ ಎರೆದು, ಕೆಂಡದ ಮೇಲೆ ಲೋಬಾನ ಹಾಕಿ ಕೂಸಿಗೆ ಹೊಗೆ ಕೊಟ್ಟು, ಸಪ್ನಾಳ ಮಡಿಲಿಗೆ ಹಾಕಿದವಳು ಹೋಗದೆ ಅಲ್ಲೇ ಕುಳಿತಳು. ನನ್ನನ್ನು ಕರೆದಳು.

“ಮಾಸ್ತರ, ಇಲ್ಲಿ ನೋಡ್ರಿ. ನಾಕು ಗುಟುಕು ಕುಡೀತದ, ಬಿಡ್ತದ. ಹಣಿ ಮ್ಯಾಲ ಬೆವರು. ಈ ಥಂಡ್ಯಾಗ ಕೂಸಿಗಿ ಯಾಕ ಬೆವರು ಬರಬೇಕು? ಹಾಲು ಕುಡೀಯೂದು ಅಂದ್ರ ಅದಕ ಗುಡ್ಡ ಏರಿದಂಗ ಆಗಾಕತ್ತದ.”

“ಹೊಗಿ ಹೆಚ್ಚಾಗಿರಬೇಕು.”

“ಹೊಗಿ ನಾನು ಹಾಕೇನಿ, ನನಗ ಗೊತ್ತಿಲ್ಲೇನ್ರಿ? ಇದು ಹೊಗೀದಲ್ಲ. ದವಾಖಾನಿಗಿ ಒಯ್ರಿ. ನಿಮ್ಮ ನಾಟಕ ಆಮ್ಯಾಲ ಮಾಡ್ರಿ.”

ನಾಟಕ! ಇಪ್ಪತ್ತೆಂಟು ವರ್ಷ ಪ್ರಾಣಿಶಾಸ್ತ್ರ ಹೇಳಿದ ಶಿವರಾಯನಿಗೆ, ಕೂಸುಗಳಿಗೆ ನೀರು ಹಾಕುವವಳ ಪಾಠ! ನಾನು ಏನೇನು ಅಂದೆನೋ ಎಲ್ಲ ಬರೆಯಲಾರೆ. ಬಾಗಿಲ ಕಡೆ ಕೈ ತೋರಿಸಿದ್ದು ನಿಜ. ರಮಾಬಾಯಿ ಎಣ್ಣೆಯ ಬಟ್ಟಲನ್ನು ತೊಳೆದು ಬೋರಲು ಹಾಕಿ, ಸಪ್ನಾಳ ತಲೆ ಸವರಿ, ನನ್ನ ಕಡೆ ನೋಡದೆ ಹೋದಳು. ಸಪ್ನಾ ಮಧ್ಯಾಹ್ನ ಊಟ ಮಾಡಲಿಲ್ಲ. ಹೆಣ್ಣುಮಕ್ಕಳ ಮನಸ್ಸು.

೨೪ ನವೆಂಬರ್, ಭಾನುವಾರ. ಕಲಬುರಗಿ

ಶುಕ್ರವಾರ ಬೆಳಿಗ್ಗೆ ಕೂಸು ಮೊಲೆ ಹಿಡಿಯಲಿಲ್ಲ. ಪಕ್ಕೆಲುಬಿನ ನಡುವಿನ ಚರ್ಮ ಉಸಿರಿಗೊಮ್ಮೆ ಒಳಗೆ ಸೆಳೆದುಕೊಳ್ಳುತ್ತಿತ್ತು. ಉಗುರು ಪೂರಾ ನೀಲಿ. ಜಯಮಾಲಾ ಚೀರಿದಳು. ಜೇವರ್ಗಿಯಿಂದ ಅಳಿಯ ಬರುವುದರೊಳಗೆ ಜೀಪು ಮಾಡಿಕೊಂಡು ಹೊರಟೆವು; ಅವನೂ ತಾಯಿಯೂ ನೇರ ದವಾಖಾನೆಗೆ ಬಂದರು.

ಡಾಕ್ಟರ್ ಜಸ್ಮೀನ ಅಂತ, ಮಕ್ಕಳ ಹೃದಯ ನೋಡುವವರು, ನನ್ನ ಮಗಳ ವಯಸ್ಸು. ಎದೆಯ ಸ್ಕ್ಯಾನು ಮಾಡಿ ಹೊರಗೆ ಬಂದು ಚೀಟಿಯ ಹಿಂಬದಿಗೆ ಚಿತ್ರ ಬರೆದು ತೋರಿಸಿದರು.

“ಶ್ವಾಸಕೋಶದಿಂದ ಒಳ್ಳೇ ರಕ್ತ ತರೋ ಸಿರಿ ನಾಕು. ಅವು ಹೃದಯದ ಎಡಗಡೆ ಬಂದು ಕೂಡಬೇಕಿತ್ರಿ. ನಿಮ್ಮ ಕೂಸಿಂದು ನಾಕೂ ಹೃದಯದ ಹಿಂದ ಒಂದು ಕಡೆ ಕೂಡ್ಯಾವ. ಖರೇ, ಒಳಗ ಹೋಗಾಕ ಬಾಗಿಲಿಲ್ಲ. ಅದಕ ಒಂದು ಹಳೇ ಸಿರಿ ಹಿಡಕೊಂಡು ಮ್ಯಾಲ ಹತ್ತಿ, ಸುತ್ತು ಹಾಕಿ, ಕೆಟ್ಟ ರಕ್ತದ ದಾರೀಗೇ ಹೋಗಿ ಬೀಳಾಕತ್ತದ. ಹೃದಯದ ನಡುವ ಸಣ್ಣ ತೂತದ, ಅದರಿಂದ ಜೀವ ಹಿಡದದ. ಆಪರೇಶನ್ ಒಂದೇ ದಾರಿ. ಹೈದರಾಬಾದಿನ್ಯಾಗ ಮಾಡ್ತಾರ.”

ಆ ಹಳೆಯ ಸಿರೆಯ ಮೇಲೆ ನಾನು ಬೆರಳಿಟ್ಟೆ. ನನಗೆ ಅದು ಗೊತ್ತು. ತಾಯಿಯ ಗರ್ಭದಲ್ಲಿ ಮೊದಲ ತಿಂಗಳು ಮನುಷ್ಯನ ಸಿರೆಗಳೂ ಮೀನಿನ ನಕ್ಷೆಯಲ್ಲೇ ಇರುತ್ತವೆ. ಮುಂದಿನಿಂದ ಎರಡು, ಹಿಂದಿನಿಂದ ಎರಡು, ಕ್ಯುವಿಯರ್ ನಾಳ ಎರಡು. ಆಮೇಲೆ ಒಂದೊಂದೇ ಕಳಚಿ, ಹೊಸ ದಾರಿ ಆಗುತ್ತದೆ. ಇವನಲ್ಲಿ ಹೊಸ ದಾರಿ ಆಗಲಿಲ್ಲ, ಹಳೆಯದು ಉಳಿದುಕೊಂಡಿತು. ಹೆಸರುಗಳೆಲ್ಲ ನನಗೆ ಬಾಯಿಪಾಠ. ಹೆಸರು ಗೊತ್ತಿದ್ದರಿಂದ ಏನೂ ಆಗಲಿಲ್ಲ.

“ಎಷ್ಟು ದಿನದಿಂದ ನೀಲಿ ಅದರಿ?” ಎಂದು ಡಾಕ್ಟರು ಕೇಳಿದರು.

ಗುರಮ್ಮನವರು ಸೆರಗಿನಿಂದ ಬಾಯಿ ಒರೆಸಿಕೊಂಡು ನಿಧಾನವಾಗಿ ಹೇಳಿದರು: “ಹುಟ್ಟಿದಾಗಿಂದ ಅದರಿ. ಬೀಗ್ರು ಶಿವನ ಬಣ್ಣ ಅಂದ್ರು.”

ಸಿಟ್ಟಿನಿಂದ ಅಂದಿದ್ದರೆ ಉತ್ತರ ಕೊಡಬಹುದಿತ್ತು. ಅವರು ಕೇಳಿದ್ದಕ್ಕೆ ಹೇಳಿದರು, ಅಷ್ಟೆ. ಡಾಕ್ಟರು ನನ್ನ ಮುಖ ನೋಡಿ ಚೀಟಿ ಮಡಿಸಿದರು.

೨೫ ನವೆಂಬರ್, ಸೋಮವಾರ

ಎದೆಯಲ್ಲಿ ಕಫ, ಸೋಂಕು. ಹೊಗೆಯಿಂದಲೂ ಹೆಚ್ಚಾಗಿರಬಹುದಂತೆ. ಅದು ಇಳಿಯದೆ ಹೈದರಾಬಾದಿನವರು ಮುಟ್ಟುವುದಿಲ್ಲ. ಎಷ್ಟು ದಿನ ಎಂದರೆ ಹೇಳಲಾಗದು ಎಂದರು. ಕಾಯಬೇಕು.

ಮಕ್ಕಳ ವಾರ್ಡಿನಲ್ಲಿ ಗಂಡಸರನ್ನು ಬಿಡುವುದಿಲ್ಲ.

೨೮ ನವೆಂಬರ್, ಗುರುವಾರ. ಅಫಜಲಪುರ

ಪರೀಕ್ಷೆ ಹತ್ತಿರ, ರಜೆ ಸಿಗಲಿಲ್ಲ. ಜಯಮಾಲಾ, ಸಪ್ನಾ ಕಲಬುರಗಿಯಲ್ಲಿ. ನಾನು ಬಸ್ಸಿನಲ್ಲಿ ಬಂದು ಕ್ಲಾಸು ತೆಗೆದುಕೊಂಡೆ. ಸಿರೆಗಳ ಪುನರಾವರ್ತನೆ. ಕ್ಯುವಿಯರ್ ನಾಳಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬಳು, “ಸರ್, ಕೇಳಸಾಕತ್ತಿಲ್ರಿ” ಎಂದಳು. ಫ್ಯಾನಿನ ಸದ್ದು. ಪ್ರಿನ್ಸಿಪಾಲರಿಗೆ ಹೇಳಬೇಕು, ಆ ಫ್ಯಾನು ಬಹಳ ಸದ್ದು ಮಾಡುತ್ತದೆ.

ಫ್ಯಾನು ಆರಿಸಿದ ಮೇಲೂ ಇನ್ನೊಬ್ಬ ಹಾಗೆಯೇ ಅಂದ.

೧ ಡಿಸೆಂಬರ್, ಭಾನುವಾರ

ಮನೆಯಲ್ಲಿ ಕೂರಲಾಗಲಿಲ್ಲ. ಸಂತೆಗೆ ಹೋದೆ, ಭೀಮಾ ನದಿಯ ಮೀನು ಮಾರುವ ಕುಲಸುಮಬಿಯ ಹತ್ತಿರ. ನಾವು ಲಿಂಗವಂತರು. ಇಷ್ಟು ವರ್ಷ ಚಾರ್ಟಿನ ಮೀನು, ಬಾಟಲಿಯ ಮೀನು, ಅಷ್ಟೇ. ಕಾಲೇಜಿನಲ್ಲಿ ಕೊಯ್ಯುವುದು ನಿಂತು ಕಾಲವಾಯಿತು. ಅದಕ್ಕೂ ಮೊದಲು ಕೊಯ್ಯುವಾಗ ನಾನು ದೂರ ನಿಂತು ಕೋಲಿನಿಂದ ತೋರಿಸುತ್ತಿದ್ದೆ.

“ಯಾ ಅಲ್ಲಾ, ಶಿವರಾಯ ಮಾಸ್ತರ್! ದಾರಿ ತಪ್ಪಿ ಬಂದ್ರೇನು? ಮನ್ಯಾಗ ಗೊತ್ತದೇನ್ರಿ?”

“ತಿನ್ನಾಕಲ್ಲ ಕುಲಸುಮಬಿ. ನೋಡಾಕ.”

“ನೋಡಾಕ ಇದೇನು ಸಿನಿಮಾ ಏನ್ರಿ?” ಎಂದು ನಕ್ಕವಳು ನನ್ನ ಮುಖ ಕಂಡು ನಗು ನಿಲ್ಲಿಸಿದಳು. ಮೊಮ್ಮಗನ ಸುದ್ದಿ ಊರಿಗೆಲ್ಲ ಗೊತ್ತಾಗಿತ್ತು. ಬಕೆಟ್ಟಿನಿಂದ ಜೀವಂತ ಮೀನೊಂದನ್ನು ತೆಗೆದು, ತಲೆಗೆ ಹೊಡೆದು, ಕಿವಿರಿನ ಕೆಳಗೆ ಕತ್ತಿಯನ್ನು ನಿಧಾನ ಎಳೆದಳು. ತೆರೆದು ಹಿಡಿದಳು.

“ಇಲ್ಲಿ ನೋಡ್ರಿ. ಸತ್ತದ, ಆದ್ರ ಇನ್ನೂ ಬಡ್ಕೋತದ.”

ಹೃದಯ ಹುಣಸೆ ಬೀಜದಷ್ಟಿತ್ತು. ಅದರ ಹಿಂದೆ ಕಡುಗಪ್ಪಾಗಿ ಏನೋ ತುಂಬುತ್ತಿತ್ತು, ಖಾಲಿಯಾಗುತ್ತಿತ್ತು. ಸೈನಸ್ ವಿನೋಸಸ್. ಚಾರ್ಟಿನಲ್ಲಿ ಅದು ನನ್ನ ಅಂಗೈಯಷ್ಟಿದೆ. ಕ್ಯುವಿಯರ್ ನಾಳ ಎಲ್ಲಿ ಕೂಡುತ್ತದೆಂದು ನೋಡಲು ಕಡ್ಡಿಯಿಂದ ಸ್ವಲ್ಪ ಸರಿಸಿದೆ.

“ಹಗೂರ್ಕ ಮಾಸ್ತರ, ಉಳ್ಳಾಗಡ್ಡಿ ಪೊರಿಗಿಂತ ತೆಳ್ಳಗ ಇರ್ತದ ಅದು—”

ಹರಿಯಿತು. ಕಪ್ಪು ರಕ್ತ ಹರಡಿ ಎಲ್ಲ ಮುಚ್ಚಿಹೋಯಿತು, ಏನೂ ಕಾಣಲಿಲ್ಲ. ಹೃದಯ ಖಾಲಿಯಾಗಿಯೇ ಇನ್ನೂ ನಾಲ್ಕಾರು ಬಾರಿ ಬಡಿಯಿತು.

ಕಿರುಬೆರಳಿನ ಉಗುರಿನಷ್ಟು ಬಾಯಿ ಕೊರೆದು, ಸಿರೆಯನ್ನು ಹೃದಯಕ್ಕೆ ಹೊಲಿಯಬೇಕು ಎಂದಿದ್ದರು ಜಸ್ಮೀನ. ಯಾರ ಕೈ ಅಷ್ಟು ಹಗುರ ಇರುತ್ತದೆ?

ಕುಲಸುಮಬಿ ನನ್ನ ಕೈಮೇಲೆ ಚೊಂಬಿನಿಂದ ನೀರು ಹಾಕಿದಳು. “ದುವಾ ಮಾಡ್ತೀನ್ರಿ” ಎಂದಳು. ನಾನು ಹೂಂ ಎಂದೆ.

೩ ಡಿಸೆಂಬರ್, ಮಂಗಳವಾರ

ರಮಾಬಾಯಿಯ ಮನೆಗೆ ಹೋದೆ. ದಾರಿಯಲ್ಲಿ ಕ್ಷಮೆಯ ಮಾತನ್ನು ಪೂರ್ತಿ ಜೋಡಿಸಿಕೊಂಡಿದ್ದೆ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ. ಅವಳು ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದಳು. ಸರಿದು ಜಾಗ ಕೊಟ್ಟಳು, ಕುಳಿತೆ.

“ಕೂಸು ಹ್ಯಾಂಗ ಅದರಿ?”

“ಹಂಗೇ ಅದ.”

“ಹಾಲು?”

“ನಳಿಕ್ಯಾಗ ಹಾಕ್ತಾರ.”

ಅವಳು ಮೊರ ಕೇರಿದಳು. “ನಿನಗ ಹ್ಯಾಂಗ ತಿಳೀತು ರಮಾಬಾಯಿ?” ಎಂದು ಕೇಳಿದೆ.

“ನನ್ನ ಎರಡನೇದ್ದು ಹಿಂಗ ಬೆವರತಿತ್ರಿ. ಹಾಲು ಕುಡೀವಾಗ. ಯಾರಿಗೂ ತಿಳೀಲಿಲ್ಲ. ನಲವತ್ತು ದಿನ ಇತ್ತು.”

ತೊಗರಿಯಲ್ಲಿ ಒಂದು ಕಲ್ಲು ಕಂಡು ತೆಗೆದು ಒಗೆದಳು. ನಾನೂ ಮೊರದ ಆ ಕಡೆ ಕೈ ಹಾಕಿ ಕಲ್ಲು ಆರಿಸಿದೆ. ಅವಳು ಬೇಡ ಅನ್ನಲಿಲ್ಲ. ಜೋಡಿಸಿಕೊಂಡ ಮಾತು ಹೇಳುವುದು ಉಳಿದೇ ಹೋಯಿತು. ಇನ್ನೊಮ್ಮೆ ಹೋಗಿ ಹೇಳಬೇಕು.

೬ ಡಿಸೆಂಬರ್, ಶುಕ್ರವಾರ

ಸೋಂಕು ಇಳಿದಿದೆ. ನಾನೂ ರಜೆ ಹಾಕಿ ಕಲಬುರಗಿಗೆ ಬಂದೆ. ಆಂಬುಲೆನ್ಸಿನಲ್ಲಿ ಹೈದರಾಬಾದಿಗೆ. ಒಳಗೆ ಸಪ್ನಾ, ಅನೀಲಕುಮಾರ. ನಾವು ಮೂವರು ಹಿಂದೆ ಬಸ್ಸಿನಲ್ಲಿ. ಗುರಮ್ಮನವರು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದರು. ಹುಮನಾಬಾದಿನ ಹತ್ತಿರ, “ಬೀಗ್ರೇ, ತಿಂಗಳತನಕ ಹೊಸ್ತಿಲು ದಾಟಿಸಬಾರ್ದು ಅಂದಾಕಿ ನಾನೂ ಅದೀನಿ” ಎಂದರು. ಅವರ ಚೀಲವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

೧೦ ಡಿಸೆಂಬರ್, ಮಂಗಳವಾರ. ಹೈದರಾಬಾದ್

ಇಂದು ಬೆಳಿಗ್ಗೆ ಏಳೂವರೆಗೆ ಒಳಗೆ ಒಯ್ದರು.

ಅದಕ್ಕೆ ಮೊದಲು ಆಪರೇಶನ್ ಕೋಣೆಯ ಬಾಗಿಲಲ್ಲಿ ಒಂದು ಕಷ್ಟ ಎದುರಾಯಿತು. ಹುಟ್ಟಿದ ಹನ್ನೊಂದನೆಯ ದಿನ ಮಠದ ಅಯ್ಯನವರು ಬಂದು ಕೂಸಿನ ತೋಳಿಗೆ ಲಿಂಗ ಕಟ್ಟಿದ್ದರು. ಸಿಸ್ಟರು ಬೀದರಿನ ಹುಡುಗಿ. “ದಾರ, ಬಟ್ಟಿ ಏನೂ ಇರಬಾರ್ದ್ರಿ, ಬಿಚ್ಚಿ ಕೊಡ್ರಿ” ಎಂದಳು. ಅನೀಲಕುಮಾರ ಬಿಚ್ಚಲು ಹೋದ. ಗುರಮ್ಮನವರು ಅವನ ಕೈ ಹಿಡಿದರು.

“ಮೈ ಬಿಟ್ಟು ಲಿಂಗ ಹ್ಯಾಂಗ ತೆಗೀತಿಯೋ? ಜೀವ ಇರೂತನಕ ಅದು ಅಗಲಬಾರ್ದು.”

“ಅಮ್ಮಾ, ಡಾಕ್ಟರ್ ಕಾಯಾಕತ್ತಾರ.”

“ಐದು ತಾಸು ಅದು ಎಲ್ಲಿರಬೇಕು? ಚೀಲದಾಗೇನು? ಕಿಸೆದಾಗೇನು?”

ಎಲ್ಲರೂ ನನ್ನ ಕಡೆ ನೋಡಿದರು. “ನನಗ ತಿಳೀವಲ್ದು” ಎಂದೆ.

ಸಪ್ನಾ ಕೂಸನ್ನು ತಾಯಿಯ ಕೈಗೆ ಕೊಟ್ಟು, ತೋಳಿನ ಗಂಟನ್ನು ತಾನೇ ಹಲ್ಲಿನಿಂದ ಬಿಚ್ಚಿದಳು. ಲಿಂಗವನ್ನು ತನ್ನ ಕೊರಳಿನ ಲಿಂಗದ ದಾರಕ್ಕೆ ಸೇರಿಸಿ ಕಟ್ಟಿಕೊಂಡಳು. “ಅತ್ತೀ, ಎಂಟನೇ ತಿಂಗಳಾಗ ಹೊಟ್ಟ್ಯಾಗಿನ ಕೂಸಿಗಂತ ಕಟ್ಟಿದ್ದು ನನ್ನ ಕೊರಳಾಗೇ ಇತ್ತಲ್ರಿ. ಇವತ್ತೊಂದು ದಿನ ಹಂಗೇ ಇರ್ಲಿ. ಇನ್ನೂ ಹುಟ್ಟಿಲ್ಲ ಅಂತ ತಿಳ್ಕೋರಿ” ಎಂದಳು. ಗುರಮ್ಮನವರು ಕೈ ಬಿಟ್ಟರು. ಸಿಸ್ಟರು ಕೂಸನ್ನು ಎತ್ತಿಕೊಂಡಳು. ಬಾಗಿಲು ಮುಚ್ಚಿತು.

ಹೃದಯವನ್ನು ನಿಲ್ಲಿಸಿ ಹೊಲಿಯುತ್ತಾರೆ. ಆ ಹೊತ್ತು ಯಂತ್ರ ರಕ್ತ ತಿರುಗಿಸುತ್ತದೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಜಯಮಾಲಾ ಕೇಳಿದಳು, “ಒಳಗ ಏನು ಮಾಡಾಕತ್ತಿರಬೇಕ್ರಿ ಈಗ?” “ಮಲಗಿಸಿರ್ತಾರ” ಎಂದೆ.

ಒಂದೂಮುಕ್ಕಾಲಿಗೆ ಸರ್ಜನರು ಹೊರಗೆ ಬಂದರು. ದಖನಿ ಉರ್ದುವಿನಲ್ಲಿ ಹೇಳಿದರು. ನಾಲ್ಕು ಸಿರೆಗಳಿಗೂ ಹೃದಯದೊಳಗೆ ಬಾಗಿಲು ಮಾಡಿದ್ದಾರೆ. ಹಳೆಯ ಸಿರೆಯನ್ನು ಗಂಟು ಹಾಕಿ ಮುಚ್ಚಿದ್ದಾರೆ. ಹೃದಯ ತಾನಾಗಿ ಶುರುವಾಯಿತು. ಆದರೆ ಊದಿಕೊಂಡಿದೆ, ಎದೆ ಮುಚ್ಚಿಲ್ಲ. ಮೇಲೆ ಹೊದಿಕೆ ಹಾಕಿದ್ದಾರೆ. ಎರಡು ದಿನ ಏನೂ ಹೇಳಲಾಗದು.

ಅವರ ಕೈ ನೋಡಿದೆ. ಸಣ್ಣ ಕೈ.

೧೧ ಡಿಸೆಂಬರ್, ಬುಧವಾರ

ಬೆಳಿಗ್ಗೆ ಕೂಸಿನ ರಕ್ತದೊತ್ತಡ ಇಳಿಯಿತು. ಓಡಾಡಿದರು. ಒಬ್ಬರೂ ನಿಂತು ಹೇಳಲಿಲ್ಲ. ಮಧ್ಯಾಹ್ನ ಏರಿತು. ಸಂಜೆ ಮತ್ತೆ ಇಳಿಯಿತು.

ಬರೆಯಲಾರೆ.

೧೨ ಡಿಸೆಂಬರ್, ಗುರುವಾರ

ಬೆಳಗಿನ ಸುತ್ತಿನಲ್ಲಿ ಸರ್ಜನರು ಎದೆ ಮುಚ್ಚಿದ್ದೇವೆ ಎಂದರು. ಇನ್ನು ಮುಂದೆ ಎಂದು ಕೇಳಿದೆ. “ಇವತ್ತು ಸಂಜೆಯ ತನಕ ಏನೂ ಆಗಬಾರದು ಮಾಸ್ತರ್ ಸಾಬ್. ಏನೂ ಆಗಲಿಲ್ಲ ಅನ್ನುವುದಕ್ಕಿಂತ ಒಳ್ಳೆಯ ಸುದ್ದಿ ನನ್ನ ಹತ್ತಿರ ಇಲ್ಲ” ಎಂದು ಹೋದರು.

ಏಳಕ್ಕೆ ಸಿಸ್ಟರು ಬಂದು ಹಾಗೇ ಇದೆ ಎಂದಳು. ಹತ್ತಕ್ಕೂ ಹಾಗೇ. ಗುರಮ್ಮನವರು ಬೆಂಚಿನ ಮೇಲೆ ನಿದ್ದೆ ಹೋದರು, ಜಯಮಾಲಾ ಅವರ ಕಾಲಿಗೆ ಶಾಲು ಹೊದಿಸಿದಳು. ಅನೀಲಕುಮಾರ ಕೆಳಗೆ ಹೋಗಿ ಎಲ್ಲರಿಗೂ ಚಹಾ ತಂದ. ಮಧ್ಯಾಹ್ನ ಎರಡಕ್ಕೆ ಹಾಗೇ. ಹಾಲು ಇಳಿಸಿದರು, ಐದು ಮಿಲಿ. ಕಕ್ಕಲಿಲ್ಲ. ನಾಲ್ಕಕ್ಕೆ ರಮಾಬಾಯಿ ಫೋನು ಮಾಡಿದಳು. ಹಾಗೇ ಇದೆ ಎಂದೆ.

ಸಂಜೆ ಆರಕ್ಕೆ ಒಬ್ಬರನ್ನು ಮಾತ್ರ ಗಾಜಿನ ತನಕ ಬಿಡುತ್ತೇವೆ ಎಂದರು. ಸಪ್ನಾ ಏಳಲು ಹೋಗಿ ಮತ್ತೆ ಕುಳಿತಳು. “ನನ್ನ ಕೈಲೆ ಆಗೂದಿಲ್ಲಪ್ಪಾ, ನೀವು ನೋಡಿಕೊಂಡು ಬರ್ರಿ” ಎಂದಳು. ಹೋಗಿ ನಿಂತೆ. ಗಾಜಿನ ಆಚೆ ಕೂಸಿನ ಎದೆ ಏರಿಳಿಯುತ್ತಿತ್ತು, ಉಗುರು ನಸುಗೆಂಪಗಿತ್ತು. ಎಷ್ಟು ಹೊತ್ತು ನೋಡಿದೆನೋ ತಿಳಿಯದು. ತಿರುಗಿ ಬಂದಾಗ ಅವಳು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಕೊರಳಿನ ದಾರ ಹಿಡಿದುಕೊಂಡಿದ್ದಳು.

“ಅಪ್ಪಾ, ಏನಾತ್ರಿ?”

“ಏನೂ ಆಗಿಲ್ಲವ್ವಾ” ಎಂದೆ.

ಅವಳು ಕಣ್ಣು ತೆರೆಯಲಿಲ್ಲ. “ಇನ್ನೊಮ್ಮಿ ಹೇಳ್ರಿ” ಎಂದಳು.

ಪಕ್ಕದಲ್ಲಿ ಕುಳಿತು, ಕಿವಿಯ ಹತ್ತಿರ ಬಗ್ಗಿ ಹೇಳಿದೆ. “ಏನೂ ಆಗಿಲ್ಲ.”